ಹಮ್‌ದರ್ದ್ ಶಾಲೆಯ ತಾರಾನಾಥರು ಮತ್ತು ನಮ್ಮ ಸೀಮೆಯ ಹೆಡ್‌ಮಾಸ್ತರಿಕೆ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಸ್ಮರಣ ಸಂಚಿಕೆಯ ಗೆಳೆಯರು ಮನೆಗೆ ಬಂದು, "ಸರ, ಶಾಲಿ ನೆನಪು ಎಲ್ಲಾರೂ ಬರೀತಾರ. ನೀವು ಶಿಕ್ಷಕರಾಗಿ ನಿವೃತ್ತಿ ಆದವರು. ಈ ಸೀಮಿಯೊಳಗ ಶಾಲಿ ಅನ್ನೂದು ಹೆಂಗ ಬಂತು, ಅದನ್ನ ನಡಿಸಿದವರು ಎಂಥವರಿದ್ರು, ಅದನ್ನ ಬರೀರಿ" ಎಂದರು. ನಾನು ಇತಿಹಾಸದ ಪಂಡಿತನಲ್ಲ. ಕವಿತಾಳದ ಸರ್ಕಾರಿ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿ. ಆಮೇಲೆ ಈ ಜಿಲ್ಲೆಯ ಬೇರೆ ಬೇರೆ ಹಳ್ಳಿಗಳಲ್ಲಿ ಸಮಾಜ ವಿಜ್ಞಾನ ಕಲಿಸಿ, ಕೊನೆಯ ಕೆಲವು ವರ್ಷ ಪ್ರಭಾರಿ ಮುಖ್ಯೋಪಾಧ್ಯಾಯನಾಗಿಯೂ ಇದ್ದು ನಿವೃತ್ತಿಯಾದವನು. ಆ ಕುರ್ಚಿಯ ಮೇಲೆ ಕುಳಿತಾಗಲೇ ನನಗೆ ಹೆಡ್‌ಮಾಸ್ತರಿಕೆ ಎಂದರೆ ಏನು ಎಂಬ ಪ್ರಶ್ನೆ ಹುಟ್ಟಿದ್ದು. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ರಾಯಚೂರಿನ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು. ಈ ಲೇಖನ ಅವರ ಬಗ್ಗೆ. ಅವರ ನೆಪದಲ್ಲಿ ನಮ್ಮೆಲ್ಲರ ಬಗ್ಗೆ.

ಮೊದಲು ನಮ್ಮ ಅಪ್ಪನಿಂದ ಆರಂಭಿಸುತ್ತೇನೆ. ಅಪ್ಪ ನಿಜಾಮರ ಕಾಲದಲ್ಲಿ ಹುಟ್ಟಿದವರು. ಓದಿದ್ದು ನಾಲ್ಕು ಇಯತ್ತೆ. ಅದೂ ಊರ ಗುಡಿಯ ಪೌಳಿಯಲ್ಲಿ ಅಯ್ಯನವರು ಮರಳಿನ ಮೇಲೆ ಬೆರಳಾಡಿಸಿ ತಿದ್ದಿಸಿದ ಗಾಂವಟಿ ಶಾಲೆ. ಮಗ್ಗಿ ಮಾತ್ರ ಮೂವತ್ತರವರೆಗೆ ಬಾಯಿಪಾಠ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯೂ ಬರುತ್ತಿತ್ತು. ಹತ್ತಿಯ ತೂಕದಲ್ಲಿ ಯಾವ ವ್ಯಾಪಾರಿಯೂ ಅಪ್ಪನಿಗೆ ಮೋಸ ಮಾಡಲು ಆಗುತ್ತಿರಲಿಲ್ಲ. ಆದರೆ ತಹಶೀಲಿಯಿಂದ ಒಂದು ಕಾಗದ ಬಂದರೆ ಸಾಕು, ಅಪ್ಪ ಅದನ್ನು ಹಿಡಿದುಕೊಂಡು ಓದುವವರನ್ನು ಹುಡುಕುತ್ತಾ ಹೋಗಬೇಕಿತ್ತು. ಕಾಗದ ಉರ್ದುವಿನಲ್ಲಿ ಇರುತ್ತಿತ್ತು. ಹೊಲ ನಮ್ಮದು, ಅದರ ಲೆಕ್ಕದ ಅಕ್ಷರ ನಮ್ಮದಲ್ಲ. "ಮುಂದ ಯಾಕ ಓದಲಿಲ್ಲಪ್ಪ?" ಎಂದು ಒಮ್ಮೆ ಕೇಳಿದ್ದೆ. "ಎಲ್ಲಿ ಓದಬೇಕಿತ್ತು?" ಎಂದು ಅಪ್ಪ ತಿರುಗಿ ಕೇಳಿದರು. ಆ ತಿರುಗು ಪ್ರಶ್ನೆಯೇ ನಮ್ಮ ಸೀಮೆಯ ಶಿಕ್ಷಣದ ಇತಿಹಾಸ.

ಹಾಗೆಂದು ನಮ್ಮದು ಅಕ್ಷರವೇ ಇಲ್ಲದ ನಾಡು ಎಂದು ಯಾರೂ ತಿಳಿಯಬಾರದು. ನಮ್ಮ ಪಕ್ಕದ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡುಹಿಡಿದ. ಶಾಸನಗಳ ದೇವಾನಾಂಪ್ರಿಯ ಎಂಬುವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಆ ಬಂಡೆ. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು (1728–1809) ಹರಿಕಥಾಮೃತಸಾರ ಬರೆದರು. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಅವರ ಗುರುಗಳು. ದರ್ಗಾಗಳಲ್ಲಿ ಸೂಫಿಗಳ ಮಾತು, ಮಠಗಳಲ್ಲಿ ವಚನ, ಮೊಹರಮ್ಮಿನಲ್ಲಿ ರಿವಾಯತ್ ಪದ. ಇಷ್ಟೆಲ್ಲ ಇತ್ತು. ಇಲ್ಲದೇ ಇದ್ದದ್ದು ಒಂದೇ. ಒಕ್ಕಲಿಗನ, ಕೂಲಿಯವನ, ಕುರುಬನ ಮಗ ಅಥವಾ ಮಗಳು ದಿನಾ ಹೋಗಿ ಕೂಡುವ, ಹತ್ತನೆಯ ಇಯತ್ತೆಯವರೆಗೆ ಕೈ ಹಿಡಿದು ಕರೆದೊಯ್ಯುವ ಶಾಲೆ.

ರಾಯಚೂರು ದೋಆಬ್ ಎಂದು ಕರೆಯುವ ಕೃಷ್ಣಾ, ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ರಾಜರು ಬಡಿದಾಡಿದ ಕಥೆ ನಮಗೆಲ್ಲ ಪಾಠದಲ್ಲಿ ಬಂದಿದೆ. 1853ರಲ್ಲಿ ನಿಜಾಮರು ಸಾಲಕ್ಕೆ ಬದಲಾಗಿ ಈ ನೆಲವನ್ನು ಇಂಗ್ಲಿಷರ ಕೈಗೆ ಕೊಟ್ಟರು. 1860ರಲ್ಲಿ ಅದು ಮರಳಿ ನಿಜಾಮರಿಗೆ ಬಂತು. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿಯೂ ಮದ್ರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಊರು ಹತ್ತಿಯ ಪೇಟೆಯಾಗಿ ಬೆಳೆಯಿತು. ಬೇರೆ ಬೇರೆ ಭಾಷೆಯ ಜನ ಬಂದು ನೆಲೆಸಿದರು. ಆಡಳಿತ, ಕೋರ್ಟು ಎಲ್ಲವೂ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಒಂದು ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಹಸವೇ ಸರಿ. ಆದರೆ ಆ ಭಾಷೆ ಉರ್ದು. ಕನ್ನಡ, ತೆಲುಗು, ಮರಾಠಿ ಮನೆಗಳ ಮಕ್ಕಳಿಗೆ ಮೇಲಿನ ತರಗತಿಯ ಬಾಗಿಲು ಪರಭಾಷೆಯ ಬಾಗಿಲಾಯಿತು. ಖಾಸಗಿಯಾಗಿ ಶಾಲೆ ತೆರೆಯಬೇಕೆಂದರೆ ಸರ್ಕಾರದ ಅಪ್ಪಣೆ ಬೇಕು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿಕೊಂಡಿತ್ತು. ಅಂಥ ದೀಪಗಳು ಅಲ್ಲೊಂದು ಇಲ್ಲೊಂದು, ಅಷ್ಟೆ.

ಇಂಥ ಕಾಲದಲ್ಲಿ ರಾಯಚೂರಿಗೆ ಬಂದವರು ತಾರಾನಾಥರು. ಅವರು ನಮ್ಮ ಸೀಮೆಯವರಲ್ಲ. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ವೈದ್ಯಶಾಸ್ತ್ರ ಕಲಿಯಲು ಹೈದರಾಬಾದಿಗೆ ಹೋದವರು. ವೈದ್ಯರಾಗಿ ದುಡ್ಡು ಮಾಡಿಕೊಂಡು ಹಾಯಾಗಿ ಇರಬಹುದಾಗಿತ್ತು. ಬುದ್ಧಿಯಿತ್ತು, ಮಾತಿತ್ತು, ಹಲವು ಭಾಷೆ ಬರುತ್ತಿತ್ತು, ಸಂಗೀತ ಬರುತ್ತಿತ್ತು. ಅಂಥವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕ ಮುಗಿಯುವ ಹೊತ್ತಿಗೆ ಬಿಸಿಲಿನ ರಾಯಚೂರಿನಲ್ಲಿ ನಿಂತು ಹುಡುಗರಿಗೆ ಪಾಠ ಹೇಳುವ ಕೆಲಸ ಹಿಡಿದರು. ಶಾಲೆ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಹಮ್‌ದರ್ದ್.

ಈ ಹೆಸರಿನ ಮುಂದೆ ನಾವು ಒಂದು ಕ್ಷಣ ನಿಲ್ಲಬೇಕು. ಹಮ್ ಎಂದರೆ ಜೊತೆ, ಕೂಡಿ. ದರ್ದ್ ಎಂದರೆ ನೋವು. ಇನ್ನೊಬ್ಬರ ನೋವಿನಲ್ಲಿ ಪಾಲುಗಾರನಾದವನು ಹಮ್‌ದರ್ದ್. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ 'ಕಳ್ಳು ಇದ್ದಾಂವ'. ಶಾಲೆಗೆ ದೇವರ ಹೆಸರಿಡಬಹುದಿತ್ತು, ದಾನಿಯ ಹೆಸರಿಡಬಹುದಿತ್ತು, ದೊರೆಯ ಹೆಸರಿಟ್ಟು ಸರ್ಕಾರದ ಕೃಪೆಯನ್ನೂ ಪಡೆಯಬಹುದಿತ್ತು. ಕನ್ನಡ ಕರಾವಳಿಯಿಂದ ಬಂದ ಒಬ್ಬ ಹಿಂದೂ ಮನೆತನದ ಪಂಡಿತ ತನ್ನ ಶಾಲೆಗೆ ಈ ಊರಿನ ಮುಸಲ್ಮಾನ ಮನೆಗಳಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಎಲ್ಲರಿಗೂ ಅರ್ಥವಾಗುವ ಒಂದು ಪದವನ್ನು ಆರಿಸಿಕೊಂಡರು. ಹಿಂದೂ ಹುಡುಗನೂ ಮುಸ್ಲಿಂ ಹುಡುಗನೂ ಒಂದೇ ಬಾಗಿಲಿನಿಂದ ಒಳಗೆ ಬರಬೇಕು ಎಂಬುದು ಅವರ ಆಸೆ. ಆಡಳಿತದ ಭಾಷೆಯನ್ನು ದ್ವೇಷಿಸದೆ, ಅದರಿಂದಲೇ ಒಂದು ಒಳ್ಳೆಯ ಮಾತನ್ನು ತೆಗೆದುಕೊಂಡು ಶಾಲೆಯ ಹಣೆಯ ಮೇಲೆ ಬರೆದರು. ನಮ್ಮ ಅಪ್ಪನಿಗೆ ಉರ್ದು ಎಂದರೆ ತಹಶೀಲಿಯ ಕಾಗದದ ಭಯ. ತಾರಾನಾಥರು ಅದೇ ಭಾಷೆಯಲ್ಲಿ ಮಮತೆಯನ್ನು ತೋರಿಸಿದರು. ಸಮಾಜ ವಿಜ್ಞಾನ ಕಲಿಸಿದವನಾಗಿ ಹೇಳುತ್ತೇನೆ, ಕೋಮು ಸೌಹಾರ್ದದ ಪಾಠವನ್ನು ನಾವು ಎರಡು ಪುಟದಲ್ಲಿ ಹೇಳುತ್ತೇವೆ, ಅವರು ಒಂದು ಪದದಲ್ಲಿ ಹೇಳಿದರು.

ಅವರ ಶಾಲೆ ಬರೀ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಜಾಗವಾಗಿರಲಿಲ್ಲ. ದೇಶದಲ್ಲಿ ಅದು ಗಾಂಧೀಜಿಯವರ ಅಸಹಕಾರ ಚಳವಳಿಯ ಕಾಲ. ಅನೇಕ ಕಡೆ ರಾಷ್ಟ್ರೀಯ ಶಾಲೆಗಳು ಹುಟ್ಟುತ್ತಿದ್ದವು. ಇಂಗ್ಲಿಷರ ನೇರ ಆಳ್ವಿಕೆ ಇಲ್ಲದ, ಸಭೆ ಸೇರಲೂ ಅಪ್ಪಣೆ ಕೇಳಬೇಕಾದ ಸಂಸ್ಥಾನದಲ್ಲಿ ಅಂಥ ಮನಸ್ಸಿನ ಶಾಲೆ ನಡೆಸುವುದು ಸುಲಭದ ಮಾತಲ್ಲ. ಬಹಿರಂಗ ರಾಜಕೀಯ ಮಾಡಲು ಅವಕಾಶವಿಲ್ಲದ ಕಡೆ ಶಾಲೆ, ಗ್ರಂಥಾಲಯ, ನಾಟಕ, ಭಜನೆಗಳೇ ಜನರನ್ನು ಎಚ್ಚರಿಸುವ ದಾರಿಗಳು. ತಾರಾನಾಥರು ಈ ಎಲ್ಲ ದಾರಿಯಲ್ಲಿಯೂ ನಡೆದರು. ಕಬೀರದಾಸರ ಮೇಲೆ 'ದೀನಬಂಧು ಕಬೀರ' ಎಂಬ ನಾಟಕ ಬರೆದರು. ನೇಕಾರ ಕಬೀರನನ್ನು ಹಿಂದೂಗಳೂ ಮುಸಲ್ಮಾನರೂ ತಮ್ಮವನು ಎನ್ನುತ್ತಾರಲ್ಲ, ಹಮ್‌ದರ್ದ್ ಎಂಬ ಹೆಸರಿಟ್ಟವರು ಕಬೀರನನ್ನು ಹಿಡಿದದ್ದು ಸಹಜವೇ. ಬಳ್ಳಾರಿಯ ಹೆಸರಾಂತ ನಟ ರಾಘವರು ಅವರನ್ನು ಬಹಳ ಗೌರವದಿಂದ ಕಾಣುತ್ತಿದ್ದರು.

ಮುಂದೆ ತಾರಾನಾಥರು ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಎಂಬ ಆಶ್ರಮ ಕಟ್ಟಿದರು. ರಾಯಚೂರಿನಿಂದ ಮಂತ್ರಾಲಯದ ಕಡೆ ರೈಲಿನಲ್ಲಿ ಹೋಗುವವರಿಗೆ ನದಿ ದಾಟಿದ ಕೂಡಲೇ ತುಂಗಭದ್ರಾ ಎಂಬ ಊರು ಸಿಗುತ್ತದೆ. ಆ ಊರಿನಲ್ಲಿತ್ತು ಆಶ್ರಮ. ಆಗ ನದಿಯ ಈ ದಡ ನಿಜಾಮರದು, ಆ ದಡ ಇಂಗ್ಲಿಷರ ಮದ್ರಾಸ್ ಪ್ರಾಂತ. ಅಲ್ಲಿ ಔಷಧ ಕೊಟ್ಟರು, 'ಪ್ರೇಮ' ಎಂಬ ಪತ್ರಿಕೆ ನಡೆಸಿದರು, ಜಾತಿ ಮತ ಕೇಳದೆ ಬಂದವರನ್ನು ಇರಿಸಿಕೊಂಡರು. ತಾವೇ ಜಾತಿ, ಭಾಷೆಗಳ ಗೆರೆ ದಾಟಿ ಸುಮತಿಬಾಯಿಯವರನ್ನು ಮದುವೆಯಾದರು. 1942ರಲ್ಲಿ ತೀರಿಕೊಂಡರು. ಬದುಕಿದ್ದು ಐವತ್ತೊಂದು ವರ್ಷ. ಅಂದರೆ ಇಂದಿನ ನಮ್ಮ ಶಾಲೆಯ ವಯಸ್ಸಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಅವರ ಮಗ ರಾಜೀವ ತಾರಾನಾಥರ (1932–2024) ಹೆಸರು ನಮ್ಮ ಮಕ್ಕಳಿಗೂ ಗೊತ್ತಿರಬೇಕು. ಇಂಗ್ಲಿಷ್ ಅಧ್ಯಾಪಕರಾಗಿ ಕೆಲಸ ಮಾಡಿದ ಅವರು ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಜಗತ್ತೇ ತಲೆದೂಗುವ ಸರೋದ್ ವಾದಕರಾದರು. 'ಸಂಸ್ಕಾರ' ಚಿತ್ರಕ್ಕೆ ಸಂಗೀತ ಕೊಟ್ಟರು. 2019ರಲ್ಲಿ ಪದ್ಮಶ್ರೀ ಬಂತು. ತಂದೆ ಶಾಲೆಗೆ ಹಮ್‌ದರ್ದ್ ಎಂದು ಹೆಸರಿಟ್ಟರು. ಮಗ ಒಬ್ಬ ಮುಸಲ್ಮಾನ ಉಸ್ತಾದರ ಪಾದದ ಬಳಿ ಕುಳಿತು ವಿದ್ಯೆ ಕಲಿತರು. ಮನೆಯ ಪಾಠ ಎಂದರೆ ಇದು.

ಸ್ಥಾಪಕರು ಹೋದ ಮೇಲೆ ಬಹಳಷ್ಟು ಸಂಸ್ಥೆಗಳು ಮುಚ್ಚಿಹೋಗುತ್ತವೆ. ಹಮ್‌ದರ್ದ್ ಶಾಲೆ ಮುಚ್ಚಲಿಲ್ಲ. ಇಂದಿಗೂ ರಾಯಚೂರಿನಲ್ಲಿದೆ. ಅವರ ಹೆಸರಿನಲ್ಲೇ ತಾರಾನಾಥ ಶಿಕ್ಷಣ ಸಂಸ್ಥೆ ಬೆಳೆದು ನಿಂತಿದೆ. ನಮ್ಮೂರಿನಿಂದ ಹತ್ತನೆಯ ತರಗತಿ ಪಾಸಾಗಿ ರಾಯಚೂರಿನ ಎಲ್.ವಿ.ಡಿ. ಕಾಲೇಜಿಗೆ ಹೋಗಿ ಓದಿದವರು ಈ ಸಂಚಿಕೆಯ ಓದುಗರಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ಕಾಲೇಜು ಇದೇ ಸಂಸ್ಥೆಯದು. ಅಂದರೆ ತಾರಾನಾಥರ ಹೆಸರನ್ನೇ ಕೇಳದವರೂ ಅವರ ನೆರಳಿನಲ್ಲಿ ಕುಳಿತು ಬಂದಿದ್ದಾರೆ. ಒಳ್ಳೆಯ ಹೆಡ್‌ಮಾಸ್ತರರ ಗತಿಯೇ ಇಷ್ಟು. ಗಿಡ ಹಚ್ಚಿದವರು ಯಾರೆಂದು ನೆರಳಲ್ಲಿ ಕೂತವರಿಗೆ ತಿಳಿಯದು.

ಇಲ್ಲಿ ಇನ್ನೊಬ್ಬ ಹೆಡ್‌ಮಾಸ್ತರರನ್ನು ನೆನೆಯದೆ ಮುಂದೆ ಹೋಗಲಾರೆ. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಕಲಬುರಗಿಯಲ್ಲಿ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ನಡೆದಿತ್ತು. ಕನ್ನಡಕ್ಕೆ ಕಚೇರಿಯಲ್ಲಿ ಜಾಗವಿಲ್ಲದ ನಾಡಿನಲ್ಲಿ ಕನ್ನಡದ ಸಮ್ಮೇಳನ. ರಾಯಚೂರಿನ ಅಧ್ಯಕ್ಷರು ಪಂಜೆ ಮಂಗೇಶರಾಯರು. ಅವರೂ ಕರಾವಳಿಯವರೇ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು. ಕನ್ನಡ ಪಂಡಿತರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ದುಡಿದವರು. ಕೊಡಗಿನಲ್ಲಿದ್ದಾಗಲೇ 'ಹುತ್ತರಿ ಹಾಡು' ಬರೆದರು. ಹಾವಿನ ಮೇಲೆ, ಗಾಳಿಯ ಮೇಲೆ ಅವರು ಬರೆದ ಮಕ್ಕಳ ಪದ್ಯಗಳನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಕೈ ಆಡಿಸುತ್ತಾ ಹಾಡಿದ್ದೇವೆ. ಅಷ್ಟು ದೊಡ್ಡ ಕವಿ ತಮಗೆ ಇಟ್ಟುಕೊಂಡ ಕಾವ್ಯನಾಮ 'ಕವಿಶಿಷ್ಯ'. ಗುರು ಎಂದಲ್ಲ, ಶಿಷ್ಯ ಎಂದು. ರಾಯಚೂರಿನಲ್ಲಿ ಅಧ್ಯಕ್ಷರ ಮೆರವಣಿಗೆ ಹೊರಟಾಗ ಅವರು ಕಾಲಲ್ಲಿ ಪಾದರಕ್ಷೆ ಹಾಕಲು ಒಪ್ಪದೆ, ಇದು ನೃಪತುಂಗನ ನಾಡು, ಕವಿಗಳು ತಿರುಗಾಡಿದ ನೆಲ ಎಂದು ಬರಿಗಾಲಲ್ಲಿ ನಡೆದರೆಂದು ಹೇಳುವುದುಂಟು. ರಾಯಚೂರಿನ ಬಿಸಿಲು, ಆ ನೆಲದ ಕಾವು ಬಲ್ಲವರಿಗೆ ಅದರ ಅರ್ಥ ತಿಳಿದೀತು. 1937ರಲ್ಲಿ ಅವರು ಹೈದರಾಬಾದಿನಲ್ಲಿ ತೀರಿಕೊಂಡರು.

ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಈ ನಾಡಿನ ಹೆಸರು ಕೇಳಿದರೆ ಮೂಗು ಮುರಿಯುವವರನ್ನು ನಾವು ಕಂಡಿದ್ದೇವೆ. ಬಿಸಿಲೂರು, ಧೂಳೂರು, ಶಿಕ್ಷೆಯ ವರ್ಗಾವಣೆಯ ಊರು ಎಂದು. ಹೊರಗಿನಿಂದ ಬರುವ ನೌಕರರು ಬಂದ ದಿನವೇ ಹೋಗುವ ದಾರಿ ಕೇಳುವುದೂ ಉಂಟು. ಅವರನ್ನು ನಾನು ತಪ್ಪೆನ್ನಲಾರೆ. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಂಡರೆ, ಬೇಸಿಗೆಯಲ್ಲಿ ನೀರಿಗೆ ಪಾಳಿ ಹಚ್ಚಿದರೆ, ಮನೆಯಿಂದ ದೂರ ಇದ್ದವರ ಮನಸ್ಸು ಹಿಂದಕ್ಕೆ ಎಳೆಯುತ್ತದೆ. ಆದರೆ ಸಮುದ್ರದ ಕಡೆಯಿಂದ ಬಂದ ಒಬ್ಬರು ಇಲ್ಲಿ ಶಾಲೆ ಕಟ್ಟಿದರು, ಇನ್ನೊಬ್ಬರು ಈ ನೆಲವನ್ನು ಮೆಟ್ಟುವ ಮೊದಲು ಚಪ್ಪಲಿ ಬಿಟ್ಟರು. ಇಬ್ಬರೂ ಮಾಸ್ತರರು. ಊರಿನ ಬೆಲೆಯನ್ನು ಊರವರಿಗೆ ತಿಳಿಸುವವನೇ ಮಾಸ್ತರ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯದಲ್ಲಿ ಒಂದಾಯಿತು. ಅದೇ ವರ್ಷ ಶ್ರೀರಂಗರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ. ಆಮೇಲೆ ಹಳ್ಳಿಗಳಿಗೆ ಕನ್ನಡ ಶಾಲೆ ಬಂದವು. ದೊಡ್ಡ ಊರುಗಳಿಗೆ ನಿಧಾನವಾಗಿ ಪ್ರೌಢಶಾಲೆಗಳು ಬಂದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ, ಸಿರವಾರದ ಹೊಲಗಳಿಗೆ ಹರಿಯಿತು. ನೀರು ಬಂದ ಕಡೆ ಭತ್ತ ಬಂತು, ಭತ್ತ ಬಂದ ಕಡೆ ಕೂಲಿ ಬಂತು, ಕೂಲಿಯ ಜೊತೆ ಮಕ್ಕಳ ಕೈಗೂ ಕೆಲಸ ಬಂತು. ನೀರು ಬಾರದ ಕಡೆ ಗುಳೆ. ನಮ್ಮ ಸೀಮೆಯ ಶಾಲೆಗಳು ಈ ಎರಡರ ನಡುವೆಯೇ ನಡೆದು ಬಂದವು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ನೆರೆಯ ದೇವದುರ್ಗದ ಹೆಸರಿತ್ತು. ಅದೇ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಭಾಗದ ಏಳು ಜಿಲ್ಲೆಗಳಲ್ಲಿ. 2007ರಲ್ಲಿ ಪ್ರೌಢಶಾಲೆಗೂ ಬಂತು. ಎಂಟನೆಯ ತರಗತಿಗೆ ಸೈಕಲ್ ಬಂತು. 371(ಜೆ) ಬಂತು. ಯೋಜನೆಗಳು ದೊಡ್ಡವು, ಅವುಗಳಿಂದ ಲಾಭವಾದದ್ದು ನಿಜ. ಆದರೆ ಸೈಕಲ್ ಮನೆಗೆ ಹೋದ ಮೇಲೆ ಅದರ ಮೇಲೆ ಹುಡುಗಿ ಶಾಲೆಗೆ ಬರುತ್ತಾಳೋ, ಅಥವಾ ಅಣ್ಣ ಹೊಲಕ್ಕೆ ಹೋಗುತ್ತಾನೋ ಎಂದು ನೋಡುವ ಕಣ್ಣು ಯೋಜನೆಯಲ್ಲಿ ಬರುವುದಿಲ್ಲ. ಆ ಕಣ್ಣು ಹೆಡ್‌ಮಾಸ್ತರರದು.

ನಾನು ಓದುವಾಗ ಇದ್ದ ಹೆಡ್‌ಮಾಸ್ತರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿದರೆ ಅವರು ಒಪ್ಪುತ್ತಿರಲಿಲ್ಲ. ಅವರ ಕೈಯಲ್ಲಿ ಓದಿದವರಿಗೆ ಹೆಸರು ಬೇಕಾಗಿಯೂ ಇಲ್ಲ. ಹತ್ತಿ ಬಿಡಿಸುವ ಸುಗ್ಗಿ ಬಂತೆಂದರೆ ತರಗತಿ ಅರ್ಧ ಖಾಲಿ. ಅವರು ಹಾಜರಿ ಮುಗಿಸಿ, ಬಾರದವರ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಸಂಜೆ ಧೋತರದ ಅಂಚು ಎತ್ತಿ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ಬೈಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ನೀರು ಕೇಳಿ ಕುಡಿದು, ಹೊಲದ ಸುದ್ದಿ ಮಾತಾಡಿ, ಏಳುವ ಮುಂಚೆ "ನಾಳಿ ಹುಡುಗನ್ನ ಕಳಸ್ರಿ" ಎನ್ನುತ್ತಿದ್ದರು. ನನ್ನನ್ನೂ ಹಾಗೆಯೇ ಒಮ್ಮೆ ಹೊಲದಿಂದ ಕರೆತಂದರು. ಅಪ್ಪ, "ಮಾಸ್ತರ, ಇವತ್ತಿನ ಕೂಲಿ ಹೋಗ್ತದಲ್ರಿ" ಎಂದಾಗ ಅವರು, "ಹೌದು, ಹೋಗ್ತದ. ನಿಮಗ ಬಂದ ಕಾಗದ ಓದಾಕ ಇನ್ನೊಬ್ಬರ ಮನಿಗೆ ಹೋಗೂದೂ ಹೋಗ್ತದ" ಎಂದರು. ಅಪ್ಪ ಮಾತಾಡಲಿಲ್ಲ. ಮರುದಿನ ನಾನು ತರಗತಿಯಲ್ಲಿದ್ದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಹೇಳದಿದ್ದರೆ ಈ ಲೇಖನ ಬರೀ ಹೊಗಳಿಕೆಯಾಗುತ್ತದೆ. ಎಲ್ಲ ಶಾಲೆಗಳಲ್ಲಿಯೂ ದಾಖಲಾತಿ ವಹಿ ಇರುತ್ತದೆ. ಹುಡುಗನ ಹೆಸರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ. ಕೊನೆಗೆ ಒಂದು ಕಾಲಂ: ಶಾಲೆ ಬಿಡಲು ಕಾರಣ. ನಾನು ಪ್ರಭಾರಿಯಾಗಿದ್ದ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದ್ದಳು. ಗಣಿತದಲ್ಲಿ ಗಟ್ಟಿ. ಒಂದು ದಿನ ಅವಳ ತಂದೆ ಬಂದು, "ಸರ, ನಮ್ಮ ಹುಡುಗಿಗಿ ಇನ್ನ ಸಾಕ್ರಿ. ಬೆಂಗಳೂರಿಗಿ ಹೊಂಟೀವಿ, ಕಟ್ಟಡದ ಕೆಲಸಕ್ಕ. ಟಿ.ಸಿ. ಕೊಡ್ರಿ" ಎಂದರು. ಅಂದು ನನಗೆ ತಾಲ್ಲೂಕು ಕಚೇರಿಗೆ ಅಂಕಿಅಂಶದ ತಖ್ತೆ ಒಪ್ಪಿಸುವ ಗಡಿಬಿಡಿ. ಬಸ್ಸಿನ ವೇಳೆಯಾಗಿತ್ತು. "ಅಲ್ಲಿ ಸೇರಿಸ್ತೀರಿಲ್ಲೋ?" ಎಂದು ಕೇಳಿದೆ. ಅವರು "ಹ್ಞೂಂ" ಎಂದರು. ಕಾರಣದ ಕಾಲಮಿನಲ್ಲಿ 'ಪಾಲಕರ ಇಚ್ಛೆಯಂತೆ' ಎಂದು ಬರೆದು ಸಹಿ ಹಾಕಿದೆ. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ನಾನು ತಲೆ ಎತ್ತಿ ನೋಡಲಿಲ್ಲ. ಅವರು ಯಾವ ಶಾಲೆಗೂ ಸೇರಿಸಲಿಲ್ಲ ಎಂದು ಮುಂದೆ ಊರಿನವರಿಂದ ತಿಳಿಯಿತು. ನನ್ನ ಹೆಡ್‌ಮಾಸ್ತರರಾಗಿದ್ದರೆ ತಖ್ತೆ ಒಂದು ದಿನ ತಡವಾಗಲಿ ಎಂದು ಅವರ ಮನೆಗೆ ಹೋಗಿ ಕೂಡುತ್ತಿದ್ದರು. ಅವಳನ್ನು ಅಜ್ಜಿಯ ಹತ್ತಿರವೋ, ಹಾಸ್ಟೆಲಿನಲ್ಲೋ ಇರಿಸುವ ದಾರಿ ಹುಡುಕುತ್ತಿದ್ದರು. ಹೋಗಿದ್ದರೂ ಕೆಲಸ ಆಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ನಾನು ಹೋಗಲಿಲ್ಲ ಎಂಬುದು ಉಳಿದ ಮಾತು.

ಆ ದಿನದಿಂದ ನಾನು ಹಳೆಯ ವಹಿಗಳ ಆ ಕಾಲಮನ್ನು ಓದತೊಡಗಿದೆ. ಗುಳೆ. ಮನೆಗೆಲಸ. ಲಗ್ನ. ದನ ಕಾಯಲು. ದೀರ್ಘ ಗೈರುಹಾಜರಿ. ಪಾಲಕರ ಇಚ್ಛೆ. ಒಂದೊಂದು ಪದದ ಹಿಂದೆ ಒಂದೊಂದು ಮಗು. ಬರೆದ ಅಕ್ಷರಗಳು ಮುತ್ತಿನಂತೆ ದುಂಡಗಿದ್ದವು. ಬರೆದವರಿಗೆ ಎಷ್ಟು ನೋವಾಗಿತ್ತೋ ಗೊತ್ತಾಗುತ್ತಿರಲಿಲ್ಲ. ಆಗ ನನಗೆ ತಾರಾನಾಥರ ಶಾಲೆಯ ಹೆಸರು ಪೂರ್ತಿ ಅರ್ಥವಾಯಿತು. ಹೆಡ್‌ಮಾಸ್ತರಿಕೆ ಎಂದರೆ ಕಾರಣ ಬರೆಯುವುದಲ್ಲ. ಆ ಕಾಲಂ ಖಾಲಿ ಉಳಿಯುವಂತೆ ನೋಡಿಕೊಳ್ಳುವುದು. ಹತ್ತನೆಯದು ಮುಗಿಸಿ ಹೋದವನ ಮುಂದೆ 'ವ್ಯಾಸಂಗ ಮುಗಿದಿದೆ' ಎಂದು ಬರೆಯುವ ದಿನದವರೆಗೆ ಅವನ ನೋವಿನಲ್ಲಿ ಪಾಲು ಹಿಡಿಯುವುದು. ಅದಕ್ಕೇ ಆ ಹೆಸರು.

ಉಳಿದ ನನ್ನ ಸೇವೆಯಲ್ಲಿ ನಾನು ಒಂದು ನಿಯಮ ಮಾಡಿಕೊಂಡೆ. ಮಗುವನ್ನು ಎದುರಿಗೆ ಕೂಡಿಸಿ ಮಾತಾಡದೆ, ಮನೆಗೆ ಒಮ್ಮೆ ಹೋಗಿ ಬಾರದೆ, ಯಾರ ಟಿ.ಸಿ.ಗೂ ಸಹಿ ಹಾಕಬಾರದು. ಎಲ್ಲರನ್ನೂ ಉಳಿಸಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಉಳಿದರು, ಕೆಲವರು ಹೋದರು. ಉಳಿದವರಲ್ಲಿ ಒಬ್ಬಳು ಇಂದು ನರ್ಸ್ ಆಗಿದ್ದಾಳೆ. ಹಬ್ಬಕ್ಕೆ ಫೋನು ಮಾಡುತ್ತಾಳೆ. ಅವಳ ಧ್ವನಿ ಕೇಳಿದಾಗಲೆಲ್ಲ ನನಗೆ ಬಾಗಿಲ ಬಳಿ ನಿಂತ ಆ ಇನ್ನೊಬ್ಬಳ ನೆನಪೂ ಬರುತ್ತದೆ.

ಮಾನ್ಯ ಓದುಗರೇ, ಸುವರ್ಣ ಮಹೋತ್ಸವ ಎಂದರೆ ಪೆಂಡಾಲು, ಸನ್ಮಾನ, ಶಾಲು, ಫೋಟೋ ಎಲ್ಲವೂ ಇರಲಿ. ಅದು ಸಂತೋಷದ ಮಾತು. ಈ ಶಾಲೆಯಲ್ಲಿ ಓದಿ ಶಿಕ್ಷಕರು, ಪೊಲೀಸರು, ಎಂಜಿನಿಯರುಗಳು, ವ್ಯಾಪಾರಸ್ಥರು ಆದವರೆಲ್ಲ ಒಂದೆಡೆ ಕೂಡುವ ದಿನ ಮತ್ತೆ ಮತ್ತೆ ಬರುವುದಿಲ್ಲ. ಆದರೆ ಆ ದಿನ ಬಂದವರನ್ನು ಎಣಿಸುವ ಜೊತೆಗೆ ನಿಮ್ಮ ಬ್ಯಾಚಿನಲ್ಲಿ ಎಂಟನೆಯದಕ್ಕೆ ಸೇರಿ ಹತ್ತು ಮುಗಿಸದೆ ಹೋದವರು ಯಾರು ಯಾರು ಎಂದೂ ಒಮ್ಮೆ ನೆನೆಯಿರಿ. ಅವರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಸಾಧ್ಯವಿದ್ದರೆ ಅವರನ್ನೂ ಕರೆತನ್ನಿ. ಮುಂದಿನ ಸಾಲಿನಲ್ಲಿ ಕೂಡಿಸಿ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ವಿನಂತಿ. ಕಮಾನು, ಕಾಂಪೌಂಡು ಕಟ್ಟಿಸುವ ಮಾತು ಕೇಳಿದ್ದೇನೆ, ಒಳ್ಳೆಯದು. ಅದರ ಜೊತೆಗೆ ಸುಗ್ಗಿಯ ತಿಂಗಳುಗಳಲ್ಲಿ ಶಾಲೆ ತಪ್ಪಿಸುವ ಮಕ್ಕಳ ಮನೆಗೆ ಹೋಗಿ ಬರಲು ಓಣಿಗೆ ಇಬ್ಬರಂತೆ ನಿಲ್ಲಿರಿ. ಗುಳೆ ಹೋಗುವ ಕುಟುಂಬದ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಸಂಬಂಧಿಕರ ಮನೆಯೋ ಹಾಸ್ಟೆಲೋ ಗೊತ್ತು ಮಾಡಿಕೊಡಿ. ಹೊರಗಿನಿಂದ ಬಂದ ಶಿಕ್ಷಕರಿಗೆ ಒಂದು ಒಳ್ಳೆಯ ಬಾಡಿಗೆ ಮನೆ, ಒಂದು ಕೊಡ ಸಿಹಿ ನೀರು, ಹಬ್ಬಕ್ಕೆ ಒಂದು ಊಟದ ಕರೆ ಸಿಗುವಂತೆ ಮಾಡಿ. ಅವರು ಇನ್ನೆರಡು ವರ್ಷ ಹೆಚ್ಚು ಇದ್ದಾರು. ಇದಕ್ಕೆ ಹೆಚ್ಚು ದುಡ್ಡು ಬೇಡ. ಕಳ್ಳು ಬೇಕು.

ಈಗಿನ ಮುಖ್ಯೋಪಾಧ್ಯಾಯರಿಗೆ ಮತ್ತು ಶಿಕ್ಷಕ ಬಳಗಕ್ಕೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ನಿಮ್ಮ ಕೆಲಸ ನಮ್ಮ ಕಾಲಕ್ಕಿಂತ ಹೆಚ್ಚಾಗಿದೆ. ತಖ್ತೆಗಳು ಈಗ ಮೊಬೈಲಿನಲ್ಲಿ ಬಂದಿವೆ, ರಾತ್ರಿಯೂ ಬಿಡುವುದಿಲ್ಲ ಎಂದು ಬಲ್ಲೆ. ಒಂದೇ ಮಾತು. ತಂದೆ ಟಿ.ಸಿ. ಕೇಳಲು ಬಂದ ದಿನ, ತಲೆ ಎತ್ತಿ ಬಾಗಿಲ ಕಡೆ ನೋಡಿ. ಅಲ್ಲಿ ಯಾರಾದರೂ ನಿಂತಿರುತ್ತಾರೆ.

ಅಪ್ಪ ಈಗ ಇಲ್ಲ. ತೀರಿಕೊಳ್ಳುವ ಮುಂಚಿನ ವರ್ಷ ಹೊಲದ ಪಹಣಿ ಬಂದಿತ್ತು, ಕನ್ನಡದಲ್ಲಿ. ನಾನು ಓದಿ ಹೇಳಲು ಹೋದೆ. "ತಾ ಇಲ್ಲಿ" ಎಂದು ಕಾಗದ ಕಸಿದುಕೊಂಡು, ಕನ್ನಡಕ ಏರಿಸಿ, ನಾಲ್ಕು ಇಯತ್ತೆಯ ಓದಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರನ್ನು ಓದಿಕೊಂಡರು. ಆಮೇಲೆ ಕಾಗದ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, "ಮಾಸ್ತರ ಅಂದು ಹೇಳಿದ್ದು ಖರೇ ಆತು" ಎಂದರು.

ನಮ್ಮ ಶಾಲೆ ನೂರು ತುಂಬಲಿ. ಎಲ್ಲರಿಗೂ ಶುಭವಾಗಲಿ.